ತಪ್ಪು ಎಲ್ಲಿದೆ, ತಪ್ಪು ಯಾರದು

‘ಆಕೆಗೆ ತಪ್ಪು ಹುಡುಕುವುದೇ ಕೆಲಸ’ ಎಂಬ ಮಾತನ್ನು ಯಾರೂ ಹೊಗಳಿಕೆಯಾಗಿ ಆಡುವುದಿಲ್ಲ. ಸಾರಿಗೆ ಉಪ್ಪು ಕಡಿಮೆ, ರಂಗೋಲಿಯ ಎಳೆ ವಕ್ರ, ಮಗುವಿಗೆ ತಲೆ ಬಾಚಿದ್ದು ಸರಿಯಿಲ್ಲ ಎಂದು ದಿನವಿಡೀ ಗೊಣಗುವವರು ಮನೆಗೊಬ್ಬರಾದರೂ ಇರುತ್ತಾರೆ. ಅವರು ಊರಿಗೆ ಹೋದರೆ ಉಳಿದವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಇದೇ ತಪ್ಪು ಹುಡುಕುವ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುವವರೂ ಇದ್ದಾರೆ. ರೇಡಿಯೊ ರಿಪೇರಿಯವರು, ಪಂಪ್‌ಸೆಟ್ ಮೆಕ್ಯಾನಿಕ್, ನಾಡಿ ಹಿಡಿದು ನೋಡುವ ಡಾಕ್ಟರು. ಇವರು ಬಂದರೆಂದರೆ ಮನೆಯವರಿಗೆ ಅರ್ಧ ಸಮಾಧಾನ. ಒಂದೇ ಕೆಲಸ ಒಬ್ಬರ ಕೈಯಲ್ಲಿ ಕಿರುಕುಳ, ಇನ್ನೊಬ್ಬರ ಕೈಯಲ್ಲಿ ಉಪಕಾರ ಆಗುವುದು ಹೇಗೆ?

ಈ ಪ್ರಶ್ನೆಗೆ ನನಗೆ ಅರ್ಧ ಉತ್ತರ ಸಿಕ್ಕಿದ್ದು ಯಾವ ಪ್ರವಚನದಲ್ಲೂ ಅಲ್ಲ. ನಮ್ಮ ಭಾವನವರ ಓಮ್ನಿ ಕಾರಿನ ಹಿಂದಿನ ಸೀಟಿನ ಕೆಳಗಿದ್ದ ಒಂದು ಅಲ್ಯೂಮಿನಿಯಂ ಡಬ್ಬಿಯಲ್ಲಿ.

ಅದರ ಹೆಸರು ಆಂಪ್ಲಿಫೈಯರ್. ಕಾರಿನಲ್ಲಿ ಹಾಡು ಹಾಕುವ ಸೆಟ್ಟಿನಿಂದ ಬರುವ ಸಣ್ಣ ದನಿಯನ್ನು ಹಿಗ್ಗಿಸಿ ಸ್ಪೀಕರುಗಳಿಗೆ ಕಳಿಸುವುದು ಇದರ ಕೆಲಸ. ಕಾರಿನ ಬ್ಯಾಟರಿ ಕೊಡುವುದು ಹನ್ನೆರಡು ವೋಲ್ಟ್, ಎಂಜಿನ್ ಓಡುವಾಗ ಹೆಚ್ಚೆಂದರೆ ಹದಿನಾಲ್ಕು ಚಿಲ್ಲರೆ. ಈ ಡಬ್ಬಿ ತನ್ನೊಳಗೇ ಅದನ್ನು ಏರಿಸಿಕೊಂಡು, ಮದುವೆ ದಿಬ್ಬಣದವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹಾಡಿಸುತ್ತದೆ. ಭಾವನ ಮಗ ಆ ಓಮ್ನಿಯನ್ನು ಬಾಡಿಗೆಗೆ ಓಡಿಸುತ್ತಿದ್ದ. ಬೆಳಿಗ್ಗೆ ಸ್ಕೂಲು ಮಕ್ಕಳು, ಲಗ್ನದ ಕಾಲದಲ್ಲಿ ಮದುವೆ ಜನ. ಹಾಡಿಲ್ಲದ ಗಾಡಿಯನ್ನು ಮದುವೆಯವರು ಕರೆಯುವುದಿಲ್ಲ. 2017ರ ಏಪ್ರಿಲ್‌ನಲ್ಲಿ, ಒಳ್ಳೆಯ ಲಗ್ನಗಳ ನಡುವೆ, ಆಂಪ್ಲಿಫೈಯರ್ ಮೂಕವಾಯಿತು. ಹಸಿರು ದೀಪ ಉರಿಯಬೇಕಾದಲ್ಲಿ ಕೆಂಪು ದೀಪ ಉರಿಯತೊಡಗಿತು.

ಭಾವನವರು ಡಬ್ಬಿಯನ್ನು ತಿರುಗಿಸಿಯೂ ನೋಡಲಿಲ್ಲ. ‘ಕಿವಿ ಹರಿಯೋ ಹಾಗೆ ಜೋರಾಗಿ ಹಾಕಿ ಸುಟ್ಟಿದ್ದಾನೆ’ ಎಂದು ತೀರ್ಪು ಕೊಟ್ಟುಬಿಟ್ಟರು. ಹುಡುಗನಿಗೆ ಇಪ್ಪತ್ತೆರಡು ವರ್ಷ. ಆ ವಯಸ್ಸಿನ ಮಾನ ಬಹಳ ತೆಳುವಾದದ್ದು. ಅವನು ತಿರುಗಿ ಮಾತಾಡಲಿಲ್ಲ. ಅಪ್ಪ ಊಟಕ್ಕೆ ಕೂತರೆ ಎದ್ದು ಹೋಗುವುದು, ಅಪ್ಪ ಮಲಗಿದ ಮೇಲೆ ಅಡುಗೆಮನೆಗೆ ಬಂದು ತಟ್ಟೆ ಹಾಕಿಕೊಳ್ಳುವುದು ಶುರುವಾಯಿತು. ಬೆಂಗಳೂರಿಗೆ ಹೋಗಿ ಯಾವುದಾದರೂ ಕಂಪನಿಯ ಗಾಡಿ ಓಡಿಸುತ್ತೇನೆ ಎಂದು ಅವನು ಗೆಳೆಯರ ಹತ್ತಿರ ಹೇಳಿದ್ದು ನಮ್ಮಕ್ಕನ ಕಿವಿಗೂ ಬಿತ್ತು. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅವರು ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುವುದನ್ನು ನಾನು ಮೂರು ವಾರ ನೋಡಿದೆ.

ಆ ಡಬ್ಬಿಯನ್ನು ಮನೆಗೆ ತರಿಸಿದವರು ನಮ್ಮ ಮಾವನವರು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಸಿಗ್ನಲ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮನೆಯಲ್ಲಿ ರೇಡಿಯೊ ಬಿಚ್ಚಿ ಜೋಡಿಸುವುದು ಅವರ ಹವ್ಯಾಸ. ಆಗ ಅವರಿಗೆ ಎಪ್ಪತ್ತೊಂಬತ್ತು. ಕಣ್ಣು ಮಂಜು, ಬೆರಳು ನಡುಗುತ್ತಿತ್ತು. ‘ಬಾರಮ್ಮ, ನನ್ನ ಕೈ ಆಗು’ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೀಟರ್ ಹಿಡಿದು ಅಂಕಿ ಓದುವುದು ನನ್ನ ಪಾಲು, ಅದರ ಅರ್ಥ ಹೇಳುವುದು ಅವರ ಪಾಲು. ಹೆಂಗಸರಿಗೆ ಇದೆಲ್ಲ ಏಕೆ ಎಂದು ಕೇಳುವವರಿಗೆ ಒಂದು ಮಾತು: ಕುದಿಯುವ ಪಾಕದಲ್ಲಿ ಎಳೆ ಬಂತೇ ಎಂದು ಬೆರಳಲ್ಲಿ ನೋಡಿ ಹೇಳಬಲ್ಲವರಿಗೆ ಮೀಟರಿನ ಅಂಕಿ ಓದುವುದು ದೊಡ್ಡ ವಿದ್ಯೆಯೇನಲ್ಲ.

ಮಾವನವರು ಮೊದಲು ಡಬ್ಬಿಯನ್ನು ಬಿಚ್ಚಲೇ ಇಲ್ಲ. ಬಂದ ದಾರಿಯನ್ನು ನೋಡಬೇಕು ಎಂದರು. ಬ್ಯಾಟರಿಯಿಂದ ಡಬ್ಬಿಗೆ ಮೂರು ತಂತಿ. ಒಂದು ಶಕ್ತಿ ತರುವುದು, ಒಂದು ಗಾಡಿಯ ಮೈಗೆ ಸೇರುವ ಅರ್ಥ್, ಇನ್ನೊಂದು ‘ಏಳು’ ಎಂದು ಹೇಳುವ ಸಣ್ಣ ತಂತಿ. ಮೂರರಲ್ಲಿ ಯಾವುದು ಸಡಿಲವಾದರೂ ಡಬ್ಬಿ ಮೂಕ. ನಾನು ಗಾಡಿಯ ಹತ್ತಿರ ಹೋಗಿ ಅಳೆದೆ. ಬ್ಯಾಟರಿಯಲ್ಲಿ 12.5, ಡಬ್ಬಿಯ ಬಾಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತಂತಿಗಳು ಸರಿಯಾಗಿದ್ದವು. ಆದರೆ ಫ್ಯೂಸನ್ನು ಕಿತ್ತಾಗ ಅದರ ಎರಡು ಕಾಲಿಗೂ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಹುಡುಗನನ್ನು ಕೇಳಿದೆವು. ‘ಎರಡು ತಿಂಗಳ ಹಿಂದೆ ಫ್ಯೂಸ್ ಹೋಗಿತ್ತು ತಾತ. ಇದನ್ನು ಕೂರಿಸಿದ ಅಂಗಡಿಗೇ ತಗೊಂಡು ಹೋದೆ. ಐದು ನಿಮಿಷದಲ್ಲಿ ಸರಿ ಮಾಡಿ ಕೊಟ್ಟರು’ ಎಂದ. ಮಾವನವರು ಏನೂ ಹೇಳಲಿಲ್ಲ. ಆ ಬೆಳ್ಳಿ ಕಾಗದವನ್ನು ಬಿಡಿಸಿ ಮಡಿಸಿ, ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಆಮೇಲೆ ಡಬ್ಬಿ ಬಿಚ್ಚಿದೆವು. ಸುಟ್ಟ ವಾಸನೆ ಸಣ್ಣಗೆ ಇತ್ತು, ಕಣ್ಣಿಗೆ ಏನೂ ಕಾಣಲಿಲ್ಲ. ಒಳಗೆ ಅಂಚಿನುದ್ದಕ್ಕೂ ಎಂಟು ಕಪ್ಪು ಟ್ರಾನ್ಸಿಸ್ಟರುಗಳು, ಶಾಖ ಹರಿದುಹೋಗಲೆಂದು ಅಲ್ಯೂಮಿನಿಯಂ ಗೋಡೆಗೆ ಒತ್ತಿಕೊಂಡು ಕೂತಿದ್ದವು. ನಾಲ್ಕು ಸ್ಪೀಕರಿಗೆ ನಾಲ್ಕು ಜೋಡಿ. ಜೋಡಿಯಲ್ಲಿ ಒಂದು, ದನಿಯ ಅಲೆಯ ಮೇಲಿನ ಅರ್ಧವನ್ನು ಹೊರುತ್ತದೆ, ಇನ್ನೊಂದು ಕೆಳಗಿನ ಅರ್ಧವನ್ನು. ‘ಗಂಡ ಹೆಂಡಿರ ಹಾಗೆ’ ಎಂದು ನಾನು ನಕ್ಕರೆ, ‘ಇವು ಸರದಿ ತಪ್ಪುವುದಿಲ್ಲಮ್ಮ, ಅಷ್ಟು ವ್ಯತ್ಯಾಸ’ ಎಂದರು.

ಇದರ ನಕ್ಷೆ ನಮ್ಮಲ್ಲಿ ಇರಲಿಲ್ಲ. ಯಾವ ಅಂಕಿ ಸರಿ, ಯಾವುದು ತಪ್ಪು ಎಂದು ತಿಳಿಯುವುದು ಹೇಗೆ? ಅದಕ್ಕೆ ಮಾವನವರು ಹೇಳಿದ ಉಪಾಯ ನನಗೆ ಇಂದಿಗೂ ಪ್ರಿಯ. ‘ನಾಲ್ಕು ಮನೆಯಲ್ಲಿ ಮೂರು ಚೆನ್ನಾಗಿವೆಯಲ್ಲ, ಅವನ್ನೇ ಕೇಳು.’ ಒಂದೊಂದೇ ಟ್ರಾನ್ಸಿಸ್ಟರಿನ ಕಾಲುಗಳಿಗೆ ಮೀಟರಿನ ಮುಳ್ಳು ಮುಟ್ಟಿಸಿದೆ. ಚೆನ್ನಾಗಿರುವುದು ಒಂದು ಕಡೆಯಿಂದ ಅರ್ಧ ವೋಲ್ಟಿನ ಆಸುಪಾಸು ತೋರಿಸುತ್ತದೆ, ಮುಳ್ಳು ತಿರುವು ಹಾಕಿದರೆ ದಾರಿಯಿಲ್ಲ ಎನ್ನುತ್ತದೆ. ಆರು ಹೀಗೆಯೇ ಹೇಳಿದವು. ಕೊನೆಯ ಜೋಡಿ ಮಾತ್ರ ಯಾವ ಕಡೆಯಿಂದ ಮುಟ್ಟಿದರೂ ಸೊನ್ನೆ. ಒಳಗೇ ಕರಗಿ ಒಂದಾಗಿಬಿಟ್ಟಿದ್ದವು. ಅವುಗಳ ಪಕ್ಕದಲ್ಲಿದ್ದ ಒಂದು ಸಣ್ಣ ಬಿಳಿ ರೆಸಿಸ್ಟರ್ ಕೂಡ ಹೋಗಿತ್ತು. ಅದು ಹಿಂದಿನ ಎಡಗಡೆಯ ಸ್ಪೀಕರಿನ ಮನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿದೆವು. ಬೆಸುಗೆ ಕರಗಿಸಿ ಹಳೆಯದನ್ನು ತೆಗೆದು, ಹೊಸದರ ಬೆನ್ನಿಗೆ ಅಭ್ರಕದ ತೆಳು ಹಾಳೆ ಇಟ್ಟು, ಶಾಖ ದಾಟಿಸುವ ಬಿಳಿ ಮುಲಾಮು ಸವರಿ ಕೂರಿಸಿದೆ. ನೇರವಾಗಿ ಬ್ಯಾಟರಿಗೆ ಕೊಡಲು ಮಾವನವರು ಬಿಡಲಿಲ್ಲ. ದಾರಿಯ ನಡುವೆ ಕಾರಿನ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿದರು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಭಾರವನ್ನು ತಾನು ಹೊರುತ್ತದೆ, ಹೊಸ ಟ್ರಾನ್ಸಿಸ್ಟರ್ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಬಲ್ಬು ಮಿಂಚಿ ಮಂಕಾಯಿತು. ಹಸಿರು ದೀಪ ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗ ಡಬ್ಬಿಯನ್ನು ಎತ್ತಿಕೊಳ್ಳಲು ಕೈಚಾಚಿದ.

‘ತಡಿ. ರಿಪೇರಿ ಈಗ ಶುರು’ ಎಂದರು ಮಾವನವರು.

ಸುಟ್ಟದ್ದನ್ನು ಬದಲಾಯಿಸಿದ್ದೇನೋ ಆಯಿತು. ಅದು ಸುಟ್ಟಿದ್ದೇಕೆ ಎಂದು ತಿಳಿಯದೆ ಹಾಗೆಯೇ ಕೂರಿಸಿದರೆ ಹೊಸದೂ ಸುಡುತ್ತದೆ ಎಂಬುದು ಅವರ ವಾದ. ಎಲ್ಲರೂ ಗಾಡಿಯ ಹತ್ತಿರ ಹೋದೆವು. ಹಿಂದಿನ ಎಡಗಡೆಯ ಸ್ಪೀಕರಿನ ತಂತಿಯನ್ನು ಬೆರಳಲ್ಲಿ ಸವರುತ್ತಾ ಹೋದಾಗ, ಅದು ಸೀಟಿನ ಕಬ್ಬಿಣದ ಕಾಲಿನ ಕೆಳಗೆ ನುಗ್ಗಿತ್ತು. ಮೇಲಿನ ಪ್ಲಾಸ್ಟಿಕ್ ಜಜ್ಜಿಹೋಗಿ ತಾಮ್ರ ಹೊರಗೆ ಬಂದಿತ್ತು. ಸೀಟಿನ ಮೇಲೆ ನಾಲ್ಕು ಜನ ಕೂತಾಗಲೆಲ್ಲ ಆ ತಾಮ್ರ ಗಾಡಿಯ ಮೈಗೆ ತಗುಲುತ್ತಿತ್ತು. ಖಾಲಿ ಗಾಡಿಯಲ್ಲಿ ಏನೂ ತೊಂದರೆಯಿಲ್ಲ. ಮದುವೆ ಜನ ತುಂಬಿದರೆ ಶಾರ್ಟ್. ಮೊದಲ ಸಲ ಫ್ಯೂಸ್ ಹೋಗಿ ಅದನ್ನೇ ಹೇಳಿತ್ತು. ಹೇಳಿದ್ದಕ್ಕೆ ಅದಕ್ಕೆ ಬೆಳ್ಳಿ ಕಾಗದ ಸುತ್ತಿದ್ದರು.

‘ಜೋರಾಗಿ ಹಾಕಿದ್ದೂ ಇದೆ’ ಎಂದು ಮಾವನವರು ಮೊಮ್ಮಗನ ಮುಖ ನೋಡಿಯೇ ಹೇಳಿದರು. ‘ಬಿಸಿ ಜಾಸ್ತಿ ಆಗಿರುತ್ತೆ. ಆದರೆ ಬರೀ ಅದರಿಂದ ಒಂದೇ ಮೂಲೆ ಸುಡೋದಿಲ್ಲ.’ ಸಂಜೆ ಭಾವನವರಿಗೆ ಆ ಜಜ್ಜಿದ ತಂತಿಯ ತುಂಡನ್ನೂ ಬೆಳ್ಳಿ ಕಾಗದವನ್ನೂ ತೋರಿಸಿದರು. ಭಾವ ಎರಡನ್ನೂ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಕ್ಷಮೆ ಕೇಳುವುದು ನಮ್ಮ ಕಡೆಯ ಅಪ್ಪಂದಿರಿಗೆ ಬರುವ ವಿದ್ಯೆಯಲ್ಲ. ರಾತ್ರಿ ಕೈಕಾಲು ತೊಳೆದು ಬಂದು, ‘ಅವನಿಗೂ ತಟ್ಟೆ ಹಾಕು’ ಎಂದು ಅಕ್ಕನಿಗೆ ಹೇಳಿದರು. ಅಷ್ಟೇ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಭಾವನವರೂ ತಪ್ಪು ಹುಡುಕಿದರು, ಮಾವನವರೂ ತಪ್ಪು ಹುಡುಕಿದರು. ವ್ಯತ್ಯಾಸ ಇಷ್ಟೇ: ಒಬ್ಬರು ‘ತಪ್ಪು ಯಾರದು?’ ಎಂದು ಕೇಳಿದರು, ಇನ್ನೊಬ್ಬರು ‘ತಪ್ಪು ಎಲ್ಲಿದೆ?’ ಎಂದು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ, ಏಕೆಂದರೆ ಅದಕ್ಕೆ ಕಣ್ಣೆದುರಿಗೆ ಯಾರಾದರೊಬ್ಬರು ಇದ್ದರೆ ಸಾಕು. ಎರಡನೆಯದಕ್ಕೆ ಮೊಣಕಾಲೂರಿ ಸೀಟಿನ ಕೆಳಗೆ ಕೈಹಾಕಬೇಕಾಗುತ್ತದೆ.

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ, ಎಷ್ಟು ಸಲ ಆಡಿಲ್ಲ! ಆ ಹೆಣ್ಣಿನ ನೆಪವನ್ನು ನೆನೆದು ತಲೆಮಾರುಗಳಿಂದ ನಗುತ್ತ ಬಂದಿದ್ದೇವೆ. ಆದರೆ ಅಷ್ಟು ಜನರಲ್ಲಿ ಯಾರಾದರೂ ಒಬ್ಬರು ಬಗ್ಗಿ ಆ ನೆಲವನ್ನು ನೋಡಿದರೇ? ನೆಲ ನಿಜವಾಗಿಯೂ ಡೊಂಕಾಗಿದ್ದಿರಬಹುದಲ್ಲ? ಅತ್ತೆ ಒಡೆದದ್ದು ಹಳೆಯ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂಬ ಮಾತು ಹುಟ್ಟಿದ್ದೂ ಹೀಗೆಯೇ. ಅಲ್ಲಿ ಯಾರೂ ಮಡಕೆಯನ್ನು ನೋಡುತ್ತಿಲ್ಲ, ಒಡೆದವರ ಮುಖವನ್ನು ನೋಡುತ್ತಿದ್ದಾರೆ.

ಫ್ಯೂಸಿನ ವಿಷಯ ನಮಗೆ ಹೊಸದಲ್ಲ. ಮನೆಗಳಲ್ಲಿ ಬಿಳಿ ಪಿಂಗಾಣಿಯ ಫ್ಯೂಸ್ ಇದ್ದ ಕಾಲವನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದೇವೆ. ಇಸ್ತ್ರಿಪೆಟ್ಟಿಗೆಯೂ ನೀರು ಕಾಯಿಸುವ ಹೀಟರೂ ಒಟ್ಟಿಗೆ ಹಾಕಿದರೆ ಟಪ್ಪೆಂದು ಕತ್ತಲೆ. ಪದೇಪದೇ ಹೋಗುತ್ತದೆ ಎಂದು ಬೇಸತ್ತು, ಕೂದಲೆಳೆಯಂಥ ಫ್ಯೂಸ್ ತಂತಿಯ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತುವ ಜಾಣರಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ನಿಜ. ಗೋಡೆಯೊಳಗಿನ ತಂತಿ ಬಿಸಿಯಾಗುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಫ್ಯೂಸ್ ತಪ್ಪಿತಸ್ಥನಲ್ಲ, ಸಾಕ್ಷಿ. ಸಾಕ್ಷಿಯ ಬಾಯಿ ಕಟ್ಟಿದರೆ ಅಪರಾಧ ನಿಲ್ಲುವುದಿಲ್ಲ.

ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಶಾಲೆಯಲ್ಲಿ ಟೀಚರ್. ‘ಅವಳಿಗೆ ಕೋಪ ಜಾಸ್ತಿ’ ಎಂದು ಮನೆಯಲ್ಲಿ ಹೆಸರು. ಹಗಲೆಲ್ಲ ನಗುತ್ತಲೇ ಇರುವವಳು ಸಂಜೆ ಆರಕ್ಕೆ ಸರಿಯಾಗಿ ಸಿಡಿಯುತ್ತಿದ್ದಳು. ಮಕ್ಕಳಿಗೊಂದು ಏಟು ಬೀಳುತ್ತಿತ್ತು, ಪಾತ್ರೆ ಸದ್ದಾಗುತ್ತಿತ್ತು. ಅಮ್ಮನ ಮನೆಯವರು, ಗಂಡನ ಮನೆಯವರು, ದೇವಸ್ಥಾನದಲ್ಲಿ ಸಿಕ್ಕ ಹಿರಿಯರು ಎಲ್ಲರೂ ಹೇಳಿದ್ದು ಒಂದೇ: ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ.’ ಈ ಮಾತು ಕೇಳಿದಾಗಲೆಲ್ಲ ನನಗೆ ಈಗ ಆ ಸಿಗರೇಟು ಕಾಗದ ನೆನಪಾಗುತ್ತದೆ. ಹೊಂದಿಕೊಂಡು ಹೋಗು ಎಂದರೆ ಭಾರ ಇಳಿಸುತ್ತೇವೆ ಎಂದಲ್ಲ, ಫ್ಯೂಸ್ ದಪ್ಪ ಮಾಡಿಕೋ ಎಂದು. ಕೊನೆಗೆ ಅವಳ ನಾದಿನಿ ಒಂದು ಭಾನುವಾರ ಕೂತು, ಐದರಿಂದ ಏಳರೊಳಗೆ ಇವಳು ಮಾಡುವ ಕೆಲಸಗಳನ್ನು ಪಟ್ಟಿ ಮಾಡಿದಳು. ಶಾಲೆಯಿಂದ ಬಸ್ಸಿಳಿದು ಬರುವಾಗಲೇ ತರಕಾರಿ, ಮಾವನವರ ಕಾಫಿ, ಮಕ್ಕಳ ಹೋಂವರ್ಕ್, ದೇವರ ದೀಪ, ಮರುದಿನದ ದೋಸೆಗೆ ರುಬ್ಬುವುದು. ಪಟ್ಟಿ ನೋಡಿದ ಮೇಲೆ ಕಾಫಿಯನ್ನು ಅತ್ತೆ ವಹಿಸಿಕೊಂಡರು, ಹೋಂವರ್ಕನ್ನು ಗಂಡ. ಕೋಪ ಪೂರ್ತಿ ಹೋಯಿತು ಎಂದು ಹೇಳಲಾರೆ. ಆದರೆ ಅದು ಅವಳ ಸ್ವಭಾವ ಎಂಬ ಮಾತು ಆ ಮನೆಯಲ್ಲಿ ಹೋಯಿತು.

ಸಿಡಿಯುವವರು ಕಾಣಿಸುತ್ತಾರೆ. ಸುಮ್ಮನಾಗುವವರನ್ನು ಗುರುತಿಸುವುದು ಇನ್ನೂ ಕಷ್ಟ. ಮಾವನವರು ರೈಲ್ವೆಯ ಒಂದು ನಿಯಮ ಹೇಳುತ್ತಿದ್ದರು. ಹಳೆಯ ಕಾಲದ ಕೈಮರಕ್ಕೆ ಕ್ಯಾಬಿನ್ನಿನಿಂದ ಒಂದು ತಂತಿ ಎಳೆದಿರುತ್ತಿತ್ತು. ಆ ತಂತಿ ಎಲ್ಲಾದರೂ ತುಂಡಾದರೆ ಕೈಮರ ತಾನಾಗಿ ಅಡ್ಡಕ್ಕೆ ಬಂದು ನಿಲ್ಲಬೇಕು, ಅಂದರೆ ‘ನಿಲ್ಲು’ ಎನ್ನಬೇಕು. ಭಾರದ ಲೆಕ್ಕವನ್ನು ಹಾಗೆ ಹಾಕಿಯೇ ಅದನ್ನು ಮಾಡಿರುತ್ತಾರೆ. ಕೆಟ್ಟಾಗ ಅನಾಹುತದ ಕಡೆಗೆ ಬೀಳದೆ ಜೋಪಾನದ ಕಡೆಗೆ ಬೀಳುವುದು ಅದರ ಗುಣ. ಆಂಪ್ಲಿಫೈಯರಿನ ಕೆಂಪು ದೀಪವೂ ಅದೇ ಜಾತಿಯದು. ಒಳಗೆ ಏನೋ ಸರಿಯಿಲ್ಲ ಎಂದು ತಿಳಿದಾಗ ಡಬ್ಬಿ ತಾನೇ ಬಾಯಿ ಮುಚ್ಚುತ್ತದೆ. ಇಲ್ಲದಿದ್ದರೆ ಸ್ಪೀಕರುಗಳೂ ಸುಡುತ್ತಿದ್ದವು. ಆ ಮೌನ ಕೆಟ್ಟದ್ದರ ಗುರುತೂ ಹೌದು, ಉಳಿದದ್ದನ್ನು ಕಾಪಾಡುವ ಉಪಾಯವೂ ಹೌದು. ಅಪ್ಪನ ಎದುರಿಗೆ ಊಟಕ್ಕೆ ಕೂರದ ಹುಡುಗ ಹಟಮಾರಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಎದುರುತ್ತರ ಕೊಟ್ಟು ಆಡಬಾರದ್ದನ್ನು ಆಡಿಬಿಡುವ ಬದಲು ಅವನು ಎದ್ದು ಹೋಗುತ್ತಿದ್ದ ಎಂದು ತೋರಲಿಲ್ಲ. ಮೌನವಾಗಿರುವ ಮಗಳನ್ನೋ ತಂಗಿಯನ್ನೋ ‘ಏನು ಸೊಕ್ಕು’ ಎನ್ನುವ ಮುಂಚೆ, ಅವಳಲ್ಲಿ ಯಾವ ದೀಪ ಕೆಂಪಾಗಿದೆ ಎಂದು ನೋಡುವುದು ಒಳ್ಳೆಯದು.

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಎಲ್ಲದಕ್ಕೂ ತಂತಿಯನ್ನೂ ಸೀಟಿನ ಕಾಲನ್ನೂ ತೋರಿಸುತ್ತ ಹೋದರೆ, ತಪ್ಪು ಮಾಡಿದವರು ಯಾರೂ ಇಲ್ಲವೇ? ಕುಡಿದು ಹೊಡೆಯುವ ಗಂಡನಿಗೆ ಯಾವ ತಂತಿ ಜಜ್ಜಿದೆ ಎಂದು ಹೆಂಡತಿ ಹುಡುಕುತ್ತ ಕೂರಬೇಕೇ? ಖಂಡಿತ ಬೇಡ. ಹೊಗೆ ಬರುತ್ತಿರುವ ಗಾಡಿಯಲ್ಲಿ ಮೀಟರ್ ಹಿಡಿದು ಕೂರುವುದಿಲ್ಲ, ಮೊದಲು ಬ್ಯಾಟರಿಯ ತಂತಿ ಕೀಳಬೇಕು. ಪೆಟ್ಟು ತಿನ್ನುವವರು ಮೊದಲು ಅಲ್ಲಿಂದ ಹೊರಗೆ ಬರಬೇಕು. ಕಾರಣದ ವಿಚಾರ ಆಮೇಲೆ, ಅದೂ ಅವರ ಹೆಗಲಿನ ಮೇಲಲ್ಲ.

‘ಎಲ್ಲಿದೆ’ ಎಂಬ ಪ್ರಶ್ನೆ ‘ಯಾರದು’ ಎಂಬ ಪ್ರಶ್ನೆಯನ್ನು ಅಳಿಸುವುದಿಲ್ಲ, ಅದಕ್ಕೆ ಸರಿಯಾದ ವಿಳಾಸ ಕೊಡುತ್ತದೆ. ನಮ್ಮ ವಿಷಯದಲ್ಲೂ ತಪ್ಪು ಮಾಡಿದವರು ಇದ್ದರು. ತಂತಿಯನ್ನು ಸೀಟಿನ ಕೆಳಗೆ ನುಗ್ಗಿಸಿದ ಕೈಯೊಂದಿತ್ತು, ಬೆಳ್ಳಿ ಕಾಗದ ಸುತ್ತಿದ ಕೈಯೊಂದಿತ್ತು. ಹುಡುಕದೇ ಹೋಗಿದ್ದರೆ ಆ ಕೈಗಳು ಶುದ್ಧವಾಗಿ ಉಳಿದು, ಶಿಕ್ಷೆ ಹುಡುಗನಿಗೆ ಆಗುತ್ತಿತ್ತು. ಮಾವನವರು ಮೊಮ್ಮಗನನ್ನು ಆ ಅಂಗಡಿಗೆ ಕಳಿಸಿದರು. ‘ಜಗಳಕ್ಕಲ್ಲ. ತೋರಿಸಿ ಬಾ. ಇನ್ನೊಂದು ಗಾಡಿಗೆ ಹೀಗೆ ಮಾಡದಿರಲಿ’ ಎಂದರು. ಅಂಗಡಿಯವರು ತಂತಿಯ ತುಂಡನ್ನು ನೋಡಿದರಂತೆ, ಏನೂ ಹೇಳಲಿಲ್ಲವಂತೆ. ಅವರು ಕಲಿತರೋ ಇಲ್ಲವೋ ಹೇಳಬಲ್ಲವರಾರು? ಆದರೆ ದೂರು ಈ ಸಲ ಸರಿಯಾದ ಬಾಗಿಲಿಗೆ ಹೋಯಿತು.

ಮನುಷ್ಯರು ಯಂತ್ರವಲ್ಲ ಎಂಬುದೂ ನಿಜವೇ. ಡಬ್ಬಿಯ ಸ್ಕ್ರೂ ಬಿಚ್ಚಲು ಯಾರ ಅಪ್ಪಣೆಯೂ ಬೇಡ, ಮನುಷ್ಯರ ಮನಸ್ಸು ಅವರೇ ತೆರೆದರೆ ಉಂಟು. ‘ನಿನ್ನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ’ ಎಂದು ಮುಳ್ಳು ಚುಚ್ಚುತ್ತ ಹೋಗುವವರೂ ಒಂದು ಬಗೆಯ ಕಿರುಕುಳದವರೇ. ಯಂತ್ರಕ್ಕೆ ಪಕ್ಕದ ಮೂರು ಮನೆ ನೋಡಿ ನಾಲ್ಕನೆಯದನ್ನು ತಿಳಿಯಬಹುದು. ಅಕ್ಕನ ಮಗಳನ್ನು ನೋಡಿ ನಮ್ಮ ಮಗಳನ್ನು ಅಳೆಯಲು ಹೊರಟರೆ ಇದ್ದ ಫ್ಯೂಸೂ ಹೋಗುತ್ತದೆ. ಆದ್ದರಿಂದ ಮೀಟರಿನಿಂದ ನಾವು ಕಲಿಯಬೇಕಾದದ್ದು ಅಳತೆಯನ್ನಲ್ಲ, ಅಳೆಯುವವರೆಗೂ ತೀರ್ಪು ಕೊಡದಿರುವ ತಾಳ್ಮೆಯನ್ನು.

ತಪ್ಪು ಹುಡುಕುವುದು ಬೇಡ ಎಂದು ನಾನು ಹೇಳಲಾರೆ. ಹುಡುಕದ ಮನೆಗಳಲ್ಲಿ ಎಲ್ಲವೂ ಒಳಗೊಳಗೇ ಬಿಸಿಯಾಗುತ್ತಿರುತ್ತದೆ. ಹುಡುಕುವವರ ಕೈಯಲ್ಲಿ ಸರಿಪಡಿಸುವ ಮನಸ್ಸಿದೆಯೇ, ಬಗ್ಗಿ ನೋಡುವ ಸೊಂಟವಿದೆಯೇ ಎಂಬುದಷ್ಟೇ ಪ್ರಶ್ನೆ. ಇನ್ನೊಮ್ಮೆ ನಿಮ್ಮ ಮನೆಯಲ್ಲಿ ಹಾಲು ಉಕ್ಕಿದಾಗ, ಮಗುವಿನ ಅಂಕ ಇಳಿದಾಗ, ಕೆಲಸದಾಕೆ ಮೂರನೆಯ ದಿನವೂ ತಡವಾಗಿ ಬಂದಾಗ, ನಾಲಿಗೆಯ ತುದಿಗೆ ಒಂದು ಹೆಸರು ಬಂದೇ ಬರುತ್ತದೆ. ಆ ಹೆಸರನ್ನು ನುಂಗಿಕೊಂಡು ‘ಎಲ್ಲಿ?’ ಎಂದು ಕೇಳಲು ಬೇಕಾಗುವುದು ಅರೆಗಳಿಗೆ. ಕೆಲವೊಮ್ಮೆ ಕೇಳಿ ನೋಡಿದ ಮೇಲೂ ಅದೇ ಹೆಸರು ಉಳಿಯಬಹುದು. ಆಗ ಹೇಳಿ, ಸಂಕೋಚ ಬೇಡ. ನೋಡಿ ಹೇಳಿದ ಮಾತನ್ನು ಕೇಳಿಸಿಕೊಂಡವರು ತಟ್ಟೆ ಬಿಟ್ಟು ಏಳುವುದು ಕಡಿಮೆ.